ಎರಡು ಸಲ ಎಂಟರ್

ತಿಪ್ಪಣ್ಣ ಹಡಪದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದರು. ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದಿರುವ ಬುಶ್ರಾ ನದಾಫಳ ರಿಪೇರಿ ಅಂಗಡಿಯಲ್ಲಿ ಯಾರೂ ಚಪ್ಪಲಿ ಕಳಚುವುದಿಲ್ಲ. ಜಮುನಾಬಾಯಿ ಅದನ್ನು ಗಮನಿಸಿದರು.

ಮೇಜಿನ ಮೇಲೆ ಆ ಕಂಪ್ಯೂಟರ್ ಇತ್ತು. ಇಪ್ಪತ್ತೇಳು ವರ್ಷ ಗೋಣಿಚೀಲದೊಳಗೆ ಅಟ್ಟದ ಮೇಲೆ ಬಿದ್ದಿದ್ದ ಯಂತ್ರ ಅದು. ಮೂರು ವಾರದ ಹಿಂದೆ ಬಂದಾಗ ಅದರ ಮೈ ಹಳೇ ಹಲ್ಲಿನಂತೆ ಹಳದಿಗಟ್ಟಿತ್ತು, ಸ್ಕ್ರೂಗಳನ್ನೆಲ್ಲ ಕಡಲ ಗಾಳಿ ತಿಂದಿತ್ತು. ಈಗ ಮೈ ಬೆಳ್ಳಗಾಗಿದೆ. ಬುಶ್ರಾ ಅದಕ್ಕೆ ಔಷಧ ಬಳಿದು ಎಂಟು ದಿನ ಬಿಸಿಲಿಗಿಟ್ಟಿದ್ದಳು.

"ಕೂಡ್ರಿ ತಿಪ್ಪಣ್ಣಾರ," ಅಂದರು ಜಮುನಾಬಾಯಿ. "ಆಗ ದಿನಾ ಮುಂಜಾನೆ ಹೆಂಗ ಚಾಲೂ ಮಾಡ್ತಿದ್ರಿ, ಹಂಗ ಮಾಡ್ರಿ."

ಜಮುನಾಬಾಯಿ ರಾಠೋಡ ಪೊಲೀಸ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ದುಡಿದು, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಚಿಂಬಲ್‌ನ ಹಜರತಬಿ ಅವರ ಬಳಿ ಬಂದು, ಬಂದರಿನ ಕೂಲಿಯಾಗಿದ್ದು ಇಪ್ಪತ್ತೇಳು ವರ್ಷದ ಹಿಂದೆ ಕಾಣೆಯಾದ ತನ್ನ ಗಂಡ ಮೈಬೂಬಸಾಬನಿಗೆ ಏನಾಯಿತೆಂದು ಪತ್ತೆ ಮಾಡಿಕೊಡಿ ಎಂದು ಕೇಳಿ ಇವತ್ತಿಗೆ ಹತ್ತೊಂಬತ್ತು ದಿನವಾಗಿತ್ತು.

ತಿಪ್ಪಣ್ಣ ಕೂತರು. ಅರವತ್ತೆಂಟರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೆಪೆಯಲ್ಲಿ ಅವರಿಗೆ ಕುಡಗೋಲು, ಹಗ್ಗ, ಬೀಜ ಮಾರುವ ಅಂಗಡಿಯಿದೆ. ಮೊದಲು ಅವರು ಕಂಪ್ಯೂಟರಿನ ನೆತ್ತಿ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕೈಯನ್ನು ಬಲಬದಿಯ ಹಿಂಭಾಗಕ್ಕೆ ಒಯ್ದು, ನೋಡದೆಯೇ, ಅಲ್ಲಿದ್ದ ದಪ್ಪ ಕೆಂಪು ಸ್ವಿಚ್ಚನ್ನು ಮೇಲೆತ್ತಿದರು.

ಫ್ಯಾನು ಗೊರಗುಟ್ಟಿತು. ಪರದೆಯ ಮೇಲೆ ಹಸಿರು ಅಂಕಿಗಳು ಓಡಿ ನಿಂತವು. ಯಂತ್ರ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಿತು: ಇಂದು ಮಂಗಳವಾರ, 1-1-1980. ಅದರ ಕೆಳಗೆ, ಹೊಸ ತಾರೀಖು ಕೊಡಿ ಎಂಬ ಪ್ರಶ್ನೆ.

ತಿಪ್ಪಣ್ಣನವರ ಬೆರಳು ಎಂಟರ್ ಒತ್ತಿತು.

ಹೊಸ ವೇಳೆ ಕೊಡಿ ಎಂದಿತು ಯಂತ್ರ. ಬೆರಳು ಮತ್ತೆ ಎಂಟರ್ ಒತ್ತಿತು.

ಎರಡೂ ಸೇರಿ ಮೂರು ಸೆಕೆಂಡು ಹಿಡಿಯಲಿಲ್ಲ. ಅವರು ಪರದೆಯನ್ನು ಓದಿರಲಿಲ್ಲ.

"ಈಗ ಅದು ಏನ್ ಕೇಳ್ತು?" ಜಮುನಾಬಾಯಿ ವಿಚಾರಿಸಿದರು.

"ಏನೋ ಕೇಳ್ತೈತ್ರಿ. ರಿಪೇರಿ ಎಂಜಿನಿಯರ ಹೇಳಿದ್ದ, ಅದು ಕೇಳೂದು ಕೇಳ್ಲಿ, ನೀ ಎರಡು ಸಲ ಎಂಟರ್ ಹೊಡಿ ಅಂತ. ಹೊಡದೆ."

"ಒಂದ್ ದಿನಾನೂ ತಾರೀಖು ಬರದಿಲ್ಲ?"

"ಫೈಲಿನ ಹೆಸರಿನ್ಯಾಗ ತಾರೀಖು ಹಾಕ್ತಿದ್ದೆನಲ್ರಿ. ಮತ್ತ ಯಾಕ ಬರೀಬೇಕು?"

ಬುಶ್ರಾ ತಲೆ ಎತ್ತದೆ ಹೇಳಿದಳು: "ಅಂದ್ರ ಕಾಕಾ, ನಿಮ್ಮ ಆಫೀಸಿನ್ಯಾಗ ದಿನಾ ಹೊಸ ವರ್ಷ."

ತಿಪ್ಪಣ್ಣ ನಕ್ಕರು. ಆ ಬೆಳಿಗ್ಗೆ ಆ ಅಂಗಡಿಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

*

ಯಂತ್ರದ ಒಡೆಯ ದೀಪಕ ಮೆಟಗುಡ್ಡ. ಬೆಳಗಾವಿಯಿಂದ ಬಂದ ಅವನ ತಂದೆ ಸಂಗಣ್ಣ ಮೆಟಗುಡ್ಡ ಬಂದರಿನಲ್ಲಿ ಸರಕು ಸಾಗಿಸುವ ದೊಡ್ಡ ದೋಣಿಗಳಿಗೆ, ಬಾರ್ಜುಗಳಿಗೆ, ಕೂಲಿಗಳನ್ನು ಒದಗಿಸುವ ಸಂಸ್ಥೆ ಕಟ್ಟಿದವರು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಮುಂದಿನ ಭಾನುವಾರ ಸಂಸ್ಥೆಗೆ ಐವತ್ತು ತುಂಬುತ್ತದೆ. ಅಪ್ಪನ ಮೊದಲ ಕಂಪ್ಯೂಟರನ್ನು ಹೊಸ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಅದನ್ನು ನಡೆಸುತ್ತಿದ್ದ ತಿಪ್ಪಣ್ಣ ಸಭೆಯ ಎದುರು ಅದನ್ನು ಚಾಲೂ ಮಾಡಬೇಕು ಎಂಬುದು ದೀಪಕನ ಆಸೆ. ತಿಪ್ಪಣ್ಣ ಇವತ್ತು ಬಂದದ್ದೂ ಕೈ ರೂಢಿ ಮಾಡಿಕೊಳ್ಳಲೆಂದು.

ದೀಪಕ ಬುಶ್ರಾಗೆ ಕೊಟ್ಟ ಸೂಚನೆ ಸರಳವಾಗಿತ್ತು. ಮೈ ಬೆಳ್ಳಗಾಗಬೇಕು, ಪರದೆ ಹೊತ್ತಬೇಕು, ಅಷ್ಟು ಸಾಕು. ಒಳಗಿನ ಹಾರ್ಡ್‌ಡಿಸ್ಕಿನ ಗೊಡವೆ ಬೇಡ. ಆಮೇಲೆ ಅವನು ಎರಡು ಸಲ ಫೋನ್ ಮಾಡಿ, ಡಿಸ್ಕ್ ಇನ್ನೂ ತಿರುಗುತ್ತದೆಯೇ ಎಂದು ಕೇಳಿದ್ದ.

ಬುಶ್ರಾಳ ಕೆಲಸಕ್ಕೆ ಒಂದು ಕಟ್ಟಳೆಯಿದೆ: ಮೊದಲು ನಕಲು, ಆಮೇಲೆ ಒರೆಸುವ ಬಟ್ಟೆ. ಹಳೆಯ ಡಿಸ್ಕ್ ಒಮ್ಮೆ ತಿರುಗಿದರೆ ಎರಡನೇ ಸಲ ತಿರುಗುತ್ತದೆಂಬ ಭರವಸೆ ಇರುವುದಿಲ್ಲ. ಇಪ್ಪತ್ತು ಎಂಬಿಯ ಆ ಡಿಸ್ಕನ್ನು ಅವಳು ಬಿಸಿಲಲ್ಲಿ ತುಸು ಬೆಚ್ಚಗೆ ಮಾಡಿ ತಿರುಗಿಸಿದ್ದಳು. ತಿರುಗಿದ ಮೊದಲ ಸಲವೇ ಅದರ ಪ್ರತಿ ತುಣುಕನ್ನೂ ಇದ್ದದ್ದು ಇದ್ದ ಹಾಗೆ ನಕಲು ತೆಗೆದಿದ್ದಳು. ಏಳು ಕಡೆ ಓದಲಾಗಲಿಲ್ಲ, ಅದನ್ನೂ ಬರೆದಿಟ್ಟಿದ್ದಳು. ನಕಲು ತೆಗೆಯುವಾಗ ಜಮುನಾಬಾಯಿ ಎದುರಿಗಿದ್ದು, ಪಕ್ಕದ ಗಡಿಯಾರದಂಗಡಿಯವರನ್ನೂ ಕರೆಸಿ ಸಹಿ ಹಾಕಿಸಿದ್ದರು. ಮೂಲ ಡಿಸ್ಕ್ ಈಗ ತೇವ ಹೀರುವ ಪುಡಿಯ ಜೊತೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಯಂತ್ರ ನಡೆಯುತ್ತಿದ್ದದ್ದು ನಕಲಿನ ಮೇಲೆ.

ಕೀಬೋರ್ಡ್ ಬಿಚ್ಚಿದಾಗ ಕೀಲಿಗಳ ನಡುವೆ ಕುಂಕುಮ ಸಿಕ್ಕಿತ್ತು. ದಸರೆಯ ಖಂಡೇಪೂಜೆಯದು, ಹಲವು ವರ್ಷಗಳದ್ದು. ಬುಶ್ರಾ ಅದನ್ನು ಒರೆಸಿ ಎಸೆಯಲಿಲ್ಲ, ಪೊಟ್ಟಣ ಕಟ್ಟಿ ಮೇಲೆ ಹೆಸರು ಬರೆದಳು. ಎಂಟರ್ ಕೀಲಿಯ ಮೇಲಿನ ಅಕ್ಷರ ಪೂರ್ತಿ ಸವೆದುಹೋಗಿತ್ತು.

ಇನ್ನೊಂದು ಸಂಗತಿ ಡಬ್ಬದ ಒಳಗೋಡೆಗೆ ಅಂಟಿಕೊಂಡಿತ್ತು: ರಿಪೇರಿಯವನ ಚೀಟಿ. 6 ನವೆಂಬರ್ 1996. ಗಡಿಯಾರದ ಬ್ಯಾಟರಿ ಸೋರುತ್ತಿದ್ದರಿಂದ ಕತ್ತರಿಸಿ ತೆಗೆದಿದೆ. ಹೊಸದನ್ನು ಯಾರೂ ಹಾಕಿಸಲಿಲ್ಲ. ಅಂದಿನಿಂದ ಈ ಯಂತ್ರಕ್ಕೆ ನಿನ್ನೆ ಎಂಬುದೇ ಇರಲಿಲ್ಲ. ಸ್ವಿಚ್ ಹಾಕಿದಾಗಲೆಲ್ಲ 1-1-1980ರಿಂದಲೇ ಶುರು. ಯಾರಾದರೂ ತಾರೀಖು ಹೇಳಿದರೆ ಅದು ಅವತ್ತಿನ ಮಟ್ಟಿಗೆ ನಂಬುತ್ತಿತ್ತು, ಹೇಳದಿದ್ದರೆ ಇಲ್ಲ.

ಆ ಚೀಟಿಯ ನಂತರದ ಕೂಲಿಗಳ ಹಾಜರಿ ಫೈಲುಗಳು ನಾನೂರ ಹನ್ನೆರಡು. ನಾನೂರ ಹನ್ನೊಂದಕ್ಕೆ ಯಂತ್ರ ಒತ್ತಿದ ಮುದ್ರೆ 1-1-1980.

ಒಂದಕ್ಕೆ ಮಾತ್ರ ಬೇರೆ.

*

ಬುಶ್ರಾ ಆ ಒಂದು ಫೈಲನ್ನು ತೆರೆದಳು. 14 ಮಾರ್ಚ್ 1998, ಶನಿವಾರ, ಹಗಲು ಪಾಳಿ, ನಾಲ್ಕನೇ ಗ್ಯಾಂಗ್. ಯಂತ್ರದ ಮುದ್ರೆ: 16 ಮಾರ್ಚ್ 1998, ಬೆಳಿಗ್ಗೆ 11 ಗಂಟೆ 42 ನಿಮಿಷ.

ನಾಲ್ಕನೇ ಗ್ಯಾಂಗಿನ ಮೈಬೂಬಸಾಬ ಕಾಣೆಯಾದದ್ದು ಅದೇ ಹದಿನಾಲ್ಕರಂದು. ಎರಡು ದಿನ ಕಳೆದು ಯಾರೋ ಈ ಯಂತ್ರದ ಎದುರು ಕೂತಿದ್ದರು. ಅದು ಕೇಳಿದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟಿದ್ದರು. ಯಂತ್ರ ತಾರೀಖು ಕೇಳುವುದು ಅಮೆರಿಕದವರ ಹಾಗೆ, ತಿಂಗಳು ಮೊದಲು, ದಿನ ಆಮೇಲೆ. ಕ್ಲಾಸಿಗೆ ಹೋಗಿ ಕಲಿತವರಿಗಷ್ಟೇ ಅದು ಗೊತ್ತಿರುತ್ತಿತ್ತು ಎಂದು ಬುಶ್ರಾ ವಿವರಿಸಿದಳು.

ಫೈಲಿನಲ್ಲಿ ಒಂಬತ್ತು ಹೆಸರುಗಳಿದ್ದವು.

ಜಮುನಾಬಾಯಿ ಕೇಳಿದರು, ಗ್ಯಾಂಗಿನಲ್ಲಿ ಎಷ್ಟು ಆಳು? ಹತ್ತು ಎಂದರು ತಿಪ್ಪಣ್ಣ. ಹತ್ತಿಲ್ಲದಿದ್ದರೆ ಗ್ಯಾಂಗ್ ಬಾರ್ಜಿಗೆ ಇಳಿಯುವಂತಿರಲಿಲ್ಲ, ಒಬ್ಬ ಬಾರದಿದ್ದರೆ ಗೇಟಿನಲ್ಲಿ ನಿಂತವರಲ್ಲಿ ಒಬ್ಬನನ್ನು ಸೇರಿಸುತ್ತಿದ್ದರು. ಹಾಗಾದರೆ ಇಲ್ಲಿ ಒಂಬತ್ತು ಯಾಕೆ? ತಿಪ್ಪಣ್ಣ ಕನ್ನಡಕ ಸರಿಪಡಿಸಿಕೊಂಡು ಪರದೆಯನ್ನು ಮತ್ತೊಮ್ಮೆ ನೋಡಿದರು. ಇದು ತಾನು ಬರೆದದ್ದಲ್ಲ ಎಂದರು.

ಅವರು ಹೇಳಿದ್ದರಲ್ಲಿ ತೂಕವಿತ್ತು. ಹದಿನೈದರ ಭಾನುವಾರ ಮಾಲೀಕರು ಒಂದು ಪತ್ರ ಕೊಟ್ಟು ಅವರನ್ನು ಬೆಳಗಾವಿಗೆ ಕಳಿಸಿದ್ದರು. ಮಂಗಳವಾರ ತಿರುಗಿ ಬಂದಾಗ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಇತ್ತು. ಹಳೆಯದನ್ನು ಆಗಲೇ ಗೋಣಿ ಸುತ್ತಿ ಅಟ್ಟಕ್ಕೇರಿಸಿದ್ದರು. ಕಚೇರಿಯ ಕೀಲಿಕೈ ಮಾಲೀಕರದು. ಮಾಲೀಕರಿಗೆ ಕಂಪ್ಯೂಟರ್ ಬರುತ್ತಿರಲಿಲ್ಲ.

"ಮತ್ತ ಮನ್ಯಾಗ ಯಾರಿಗೆ ಬರ್ತಿತ್ತು?"

ತಿಪ್ಪಣ್ಣ ತಡೆದು ಹೇಳಿದರು. "ದೀಪಕಪ್ಪಗ. ಆಗ ಹತ್ತೊಂಬತ್ತರ ಹುಡುಗ, ಕ್ಲಾಸಿಗೆ ಹೋಗ್ತಿದ್ದ. ಪರೀಕ್ಷಾ ಮುಗಿಸಿ ಬಂದಿದ್ದ."

ಜಮುನಾಬಾಯಿ ಬರೆದುಕೊಂಡರು. ಪಕ್ಕದಲ್ಲಿ ಒಂದು ಪ್ರಶ್ನೆಯನ್ನೂ ಬರೆದರು: ದೀಪಕನೇ ತಿದ್ದಿದ್ದರೆ ಈ ಯಂತ್ರವನ್ನು ತಾನಾಗಿ ರಿಪೇರಿಗೆ ಏಕೆ ಕೊಟ್ಟ? ತಿದ್ದಿದ್ದು ಏನೆಂದು ಆಗ ಅವನಿಗೆ ತಿಳಿದಿರಲಿಲ್ಲವೇ? ಅಥವಾ ಅಳಿಸಿದ್ದು ಅಳಿಸಿಯೇಹೋಯಿತು ಎಂದು ನಂಬಿದ್ದನೇ?

ಅವರು ಪೆನ್ನು ಕೆಳಗಿಟ್ಟರು.

"ತಿಪ್ಪಣ್ಣಾರ, ಒಂದ್ ಮಾತು ಖಾತ್ರಿ ಮಾಡ್ರಿ. ತಾರೀಖು ಹಾಕಿದ್ದ ಫೈಲು ನಿಮ್ಮದಲ್ಲ. ಒಂದು, ಒಂದು, ಎಂಬತ್ತು ಅಂತಿದ್ದದ್ದು?"

"ಅವೆಲ್ಲಾ ನನ್ನವ." ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಒಂದ್ ಬಿಡದ ನನ್ನವ. ಇದನ್ನ ಬ್ಯಾರೆಯವರು ಮುಟ್ತಿರಲಿಲ್ಲ."

ಜಮುನಾಬಾಯಿ ಬುಶ್ರಾಳತ್ತ ನೋಡಿದರು.

*

ಬುಶ್ರಾ ನಿಧಾನವಾಗಿ ಮಾತಾಡಿದಳು. ಆ ಕಾಲದ ಟೈಪಿಂಗ್ ಪ್ರೋಗ್ರಾಮಿಗೆ ಒಂದು ಅಭ್ಯಾಸವಿತ್ತು. ಹಳೇ ಫೈಲನ್ನು ತಿದ್ದಿ ಉಳಿಸಿದರೆ, ತಿದ್ದುವ ಮುಂಚಿನದನ್ನು ಬೇರೆ ಹೆಸರಿನಲ್ಲಿ ತಾನೇ ತೆಗೆದಿಡುತ್ತಿತ್ತು. ಹದಿನಾರರಂದು ಕೂತವರಿಗೆ ಅದು ಗೊತ್ತಿತ್ತು. ಆ ಪ್ರತಿಯನ್ನೂ ಅಳಿಸಿದ್ದಾರೆ. ಆದರೆ ಈ ಯಂತ್ರ ಫೈಲನ್ನು ಅಳಿಸುವುದೆಂದರೆ ಹೆಸರಿನ ಮೊದಲ ಅಕ್ಷರವನ್ನು ಕಿತ್ತು, ಈ ಜಾಗ ಖಾಲಿ ಎಂದು ಗುರುತು ಹಾಕುವುದು ಮಾತ್ರ. ಬೇರೇನಾದರೂ ಅಲ್ಲಿಗೆ ಬಂದು ಕೂರುವ ತನಕ ಬರೆದದ್ದು ಹಾಗೇ ಇರುತ್ತದೆ. ಮರುದಿನವೇ ಯಂತ್ರ ಅಟ್ಟಕ್ಕೆ ಹೋಯಿತು. ಆ ಜಾಗದಲ್ಲಿ ಏನೂ ಬಂದು ಕೂರಲಿಲ್ಲ.

"ಅಟ್ಟಕ್ಕ ಹಾಕಿದ್ದ ಚಲೋ ಆತು," ಅಂದಳು.

ಅವಳು ಎರಡು ಕೀಲಿ ಒತ್ತಿದಳು. ಅದೇ ದಿನ, ಅದೇ ಪಾಳಿ, ಅದೇ ಗ್ಯಾಂಗ್. ಮುದ್ರೆ 1-1-1980.

ಹೆಸರುಗಳು ಹತ್ತು. ಏಳನೆಯದು, ಬಿಲ್ಲೆ ನಂಬರ್ 47, ಮೈಬೂಬಸಾಬ.

ತಿಪ್ಪಣ್ಣನವರ ಕೈ ಕೀಬೋರ್ಡಿನಿಂದ ಹಿಂದೆ ಸರಿದು ಮಡಿಲಿಗೆ ಬಂತು.

ಮೈಬೂಬಸಾಬ ಅಂದು ಕೆಲಸಕ್ಕೆ ಬಂದಿರಲಿಲ್ಲ ಎಂದು ಇಪ್ಪತ್ತೇಳು ವರ್ಷದ ಹಿಂದೆ ಹಜರತಬಿಯ ಅಣ್ಣಂದಿರಿಗೆ ಹೇಳಿದವರು ಈ ತಿಪ್ಪಣ್ಣನವರೇ. ಹನ್ನೆರಡು ದಿನದ ಹಿಂದೆ, ಕೆಪೆಯ ಅಂಗಡಿಯ ಗಲ್ಲೆಯ ಮೇಲೆ ಕೂತು, ಅದೇ ಮಾತನ್ನು ಜಮುನಾಬಾಯಿಗೂ ಹೇಳಿದ್ದರು. ಜನ ಆ ಮಾತನ್ನು ನಂಬಲು ಕಾರಣವಿತ್ತು. ಕೂಲಿಗಳಿಗೆ ಹಿತ್ತಾಳೆಯ ಬಿಲ್ಲೆಗಳಿದ್ದವು. ಬೆಳಿಗ್ಗೆ ಬಿಲ್ಲೆಯನ್ನು ತಿಪ್ಪಣ್ಣನವರ ಮೇಜಿನ ಮೇಲಿಟ್ಟರೆ ಹಾಜರಿ; ಅದು ಸಂಜೆಯವರೆಗೆ ಗೋಡೆಯ ಮೊಳೆಯ ಮೇಲೆ. ಕೆಲಸ ಮುಗಿಸಿ ಬಂದವನು ಬಿಲ್ಲೆ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಮೈಬೂಬಸಾಬನ ಬಿಲ್ಲೆ ಆ ಸಂಜೆ ವಾಸ್ಕೋದ ಕಡಲ ದಂಡೆಯ ಬಾಯ್ನಾದ ಅವನ ಗುಡಿಸಲಿನಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿತ್ತು. ಬಿಲ್ಲೆ ಮನೆಯಲ್ಲಿದ್ದರೆ ಆಳು ಕೆಲಸಕ್ಕೆ ಹೋಗಿಲ್ಲ. ಹೋಗಲಿಲ್ಲವೆಂದರೆ ಓಡಿಹೋದ. ಯಾರ ಜೊತೆ ಎಂಬುದನ್ನು ಓಣಿಯವರು ತಮಗೆ ಬೇಕಾದಂತೆ ತುಂಬಿಕೊಂಡರು.

ಹಜರತಬಿ ಬಳೆ ತೆಗೆಯಲಿಲ್ಲ. ಸತ್ತ ಸುದ್ದಿಯಿಲ್ಲದೆ ಹೆಂಗಸು ಬಳೆ ತೆಗೆಯುವಂತಿಲ್ಲ. ಮೌಲ್ವಿಗಳು ಕೆಲವು ವರ್ಷದ ನಂತರ ಕರೆದು, ಇನ್ನು ನೀನು ವಿಧವೆಯರಂತೆ ಇದ್ದತ್ತಿನ ಶೋಕದ ಅವಧಿಗೆ ಕೂರಬಹುದು, ಧರ್ಮ ಒಪ್ಪುತ್ತದೆ ಎಂದರೂ ಅವಳು ಒಪ್ಪಲಿಲ್ಲ. ಪ್ರತಿ ಈದ್‌ಗೆ ಎರಡೂ ಕೈಗೆ ಆರಾರು ಹಸಿರು ಗಾಜಿನ ಬಳೆ. 2004ರಲ್ಲಿ ಬಾಯ್ನಾದ ಮನೆಗಳು ನೆಲಸಮವಾಗಿ ಚಿಂಬಲ್‌ಗೆ ಬಂದ ಮೇಲೂ ಅವಳು ವರ್ಷಕ್ಕೊಮ್ಮೆ ಬಾಯ್ನಾಕ್ಕೆ ಹೋಗಿ, ಮೀನು ಮಾರುವವರಿಗೆ ತನ್ನ ಹೊಸ ವಿಳಾಸ ಹೇಳಿ ಬರುತ್ತಿದ್ದಳು. ಅವರು ಬಂದರೆ ಕಳಿಸಿಕೊಡಿ ಎಂದು.

ಈಗ ಪರದೆಯ ಮೇಲೆ ಹತ್ತು ಹೆಸರು. ಮೈಬೂಬಸಾಬ ಓಡಿಹೋಗಿರಲಿಲ್ಲ. ಬೆಳಿಗ್ಗೆ ಏಳು ಐದಕ್ಕೆ ಬಿಲ್ಲೆ ಮೇಜಿನ ಮೇಲಿಟ್ಟು ಕೆಲಸಕ್ಕೆ ಇಳಿದಿದ್ದ.

"ಎಲ್ಲಾ ನಿಮ್ಮವ ಅಂದ್ರಿ," ಜಮುನಾಬಾಯಿ ದನಿ ಏರಿಸಲಿಲ್ಲ. "ಇದೂ ನಿಮ್ಮದ. ನಿಮ್ಮ ಬಟ್ಟಿನ ಗುರುತು ಇದರ ಮ್ಯಾಲೆ ಐತಿ. ಹೌದಲ್ರಿ?"

ಹೊರಗೆ ಮೀನಿನ ಬುಟ್ಟಿ ಇಳಿಸುವವರು ಕೊಂಕಣಿಯಲ್ಲಿ ಜಗಳವಾಡುತ್ತಿದ್ದರು.

"ನನ್ನದ," ಎಂದರು ತಿಪ್ಪಣ್ಣ ಕೊನೆಗೆ.

"ಹಂಗಾದ್ರ ಬಂದಿಲ್ಲ ಅಂತ ಯಾಕ ಹೇಳಿದ್ರಿ?"

"ಮಾಲಕರು ಹೇಳಂದ್ರು."

"ಅವರು ಸತ್ತು ಎರಡು ತಿಂಗಳಾತು. ಹನ್ನೆರಡು ದಿನದ ಹಿಂದ ನನಗ ಯಾರು ಹೇಳಂದ್ರು?"

ತಿಪ್ಪಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಸಿಕ್ಕಿಬಿದ್ದವರನ್ನು ಜಮುನಾಬಾಯಿ ಮೂವತ್ತೆರಡು ವರ್ಷ ನೋಡಿದ್ದಾರೆ. ಇದು ಆ ಮುಖವಲ್ಲ.

"ನೀವು ಬರೇ ಹೆಸರು ನೋಡಿದ್ರಿ, ಬಾಯಾರ," ಎಂದರು. "ಸಾಲು ಪೂರ್ತಿ ಓದ್ರಿ. ಕಡೀ ಕಾಲಮ್ಮು ಓದ್ರಿ."

ಕೊನೆಯ ಅಂಕಣ ಪರದೆಯ ಅಂಚಿನಾಚೆ ಹೋಗಿತ್ತು. ಬುಶ್ರಾ ಬಾಣದ ಕೀಲಿ ಒತ್ತಿದಳು. ಸಾಲು ಎಡಕ್ಕೆ ಸರಿಯಿತು.

ಉಳಿದ ಒಂಬತ್ತು ಜನ ಬಿಲ್ಲೆ ತೆಗೆದುಕೊಂಡದ್ದು ಸಂಜೆ ಐದೂವರೆಯ ಆಸುಪಾಸು. ನಲವತ್ತೇಳನೇ ಬಿಲ್ಲೆ ಮೊಳೆಯಿಂದ ಇಳಿದದ್ದು ಮಧ್ಯಾಹ್ನ ಒಂದು ಹತ್ತಕ್ಕೆ. ಅದರ ಮುಂದೆ ಇಂಗ್ಲಿಷಿನಲ್ಲಿ ಮೂರೇ ಪದ. ಬಿಲ್ಲೆಯನ್ನು ಹೆಂಡತಿಗೆ ಕೊಟ್ಟಿದೆ.

ಬುಶ್ರಾ ಅದನ್ನು ಎರಡು ಸಲ ಓದಿ ಜಮುನಾಬಾಯಿಯ ಕಡೆ ತಿರುಗಿದಳು. "ಮೌಶಿ," ಎಂದಳು.

"ಯಾರೋ ಬಂದು, ನಾ ಹೆಂಡತಿ ಅಂದಿರಬೇಕು," ಎಂದರು ಜಮುನಾಬಾಯಿ.

"ದಿನಾ ಹನ್ನೆರಡೂವರಿಗೆ ಬುತ್ತಿ ತರ್ತಿದ್ದ ಹೆಣಮಗಳು. ನನಗ ಗುರುತ ಸಿಗಲಿಲ್ಲಂದ್ರ ಹೆಂಗ್ರಿ?" ತಿಪ್ಪಣ್ಣ ಪರದೆಯನ್ನೇ ನೋಡುತ್ತಿದ್ದರು. "ಅವತ್ತೂ ಬುತ್ತಿ ತಂದಿದ್ರು. ಮಾಲಕರು ಒಳಗಿನ ಖೋಲಿಗೆ ಕರಕೊಂಡು ಹೋದ್ರು. ಭಾಳ ಹೊತ್ತು ಆತು. ಹೊರಗ ಬಂದು, ಬಿಲ್ಲಿ ಕೊಡ್ರಿ ಅಂದ್ರು. ಕೊಟ್ಟೆ. ಬಿಲ್ಲಿ ಮೊಳಿ ಬಿಟ್ಟು ಇಳೀತಂದ್ರ ನಾ ಬರೀಬೇಕು. ಆಕಿ ಎದುರಿಗೇ ಯಂತ್ರದಾಗ ಬರದೆ."

"ಒಳಗ ಏನ್ ಮಾತಾತು?"

"ಕೇಳಿಸಲಿಲ್ರಿ. ಮೈಬೂಬನ್ನ ನಾ ಮತ್ತ ನೋಡಲಿಲ್ಲ. ಉಳದ ಒಂಬತ್ತೂ ಮಂದೀನ ಮರುದಿನ ಬ್ಯಾರೆ ಬ್ಯಾರೆ ಕಡೆ ಹಚ್ಚಿದ್ರು." ಅವರು ಎದ್ದು ನಿಂತರು. "ನಾಕ್ ದಿನಕ್ಕ ಆಕಿ ಅಣ್ಣಂದಿರು ಬಂದು ಕೇಳಿದ್ರು. ಆಕೀನೂ ಬಾಜೂಕ ನಿಂತಿದ್ರು, ಕೈತುಂಬ ಬಳಿ. ನಾ ಆಕಿ ಮುಖಾ ನೋಡಿದೆ. ಆಕಿ ನೆಲಾ ನೋಡಿದ್ರು. ಬಂದಿಲ್ಲ ಅಂತ ನಾ ಅಂದೆ. ಆಕೀನ ಸುಮ್ಮನಿದ್ದಾಗ, ಬಾಯಿ ಬಿಡಾಕ ನಾ ಯಾರ್ರಿ?"

ಹೋಗುವ ಮುಂಚೆ ಅವರು ಮತ್ತೆ ಯಂತ್ರದ ನೆತ್ತಿ ಮುಟ್ಟಿದರು. ಭಾನುವಾರದ ಸಭೆಗೆ ತಾನು ಬರುವುದಿಲ್ಲವೆಂದು ದೀಪಕನಿಗೆ ತಿಳಿಸಲು ಬುಶ್ರಾಗೆ ಹೇಳಿ, ಚಪ್ಪಲಿ ಮೆಟ್ಟಿ ಇಳಿದುಹೋದರು.

*

ಪಣಜಿಯ ಬಸ್ಸಿನಲ್ಲಿ ಜಮುನಾಬಾಯಿ ತಮ್ಮ ನೋಟ್‌ಬುಕ್ಕಿನ ಮೊದಲ ಪುಟ ತೆಗೆದರು. ಹತ್ತೊಂಬತ್ತು ದಿನದ ಹಿಂದೆ ಹಜರತಬಿ ಹೇಳಿದ್ದನ್ನೆಲ್ಲ ಅಲ್ಲಿ ಬರೆದಿದ್ದರು. ಬಿಲ್ಲೆಯ ಬಗ್ಗೆ ಹೇಳಿದ್ದು ಒಂದೇ ವಾಕ್ಯ: ಸಂಜೆ ಮೊಳೆಯ ಮೇಲಿತ್ತು. ಯಾರು ತಂದರೆಂದು ಜಮುನಾಬಾಯಿ ಕೇಳಿರಲಿಲ್ಲ. ಗಂಡ ಬಿಟ್ಟುಹೋದ ಬಿಲ್ಲೆ ಎಂದು ಇಡೀ ಬಾಯ್ನಾ ನಂಬಿತ್ತು, ತಾವೂ ನಂಬಿದ್ದರು. ಹೊಸ ಪೇದೆಗಳಿಗೆ ತಾವೇ ಬೈಯುತ್ತಿದ್ದ ತಪ್ಪು ಅದು.

ಪುಟದ ಕೆಳಗೆ ಇನ್ನೊಂದು ಸಾಲಿತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. 'ಮೆಟಗುಡ್ಡರ ಹಳೇ ಕಂಪ್ಯೂಟರ್ ಬುಶ್ರಾಳ ಅಂಗಡಿಗೆ ಬಂದಿದೆಯಂತೆ, ಅದನ್ನು ನೋಡಿ ಎಂದಳು.' ಓದು ಬಾರದ ಹೆಂಗಸು, ಪತ್ತೆ ಮಾಡಲು ಬಂದವರಿಗೆ ಮೊದಲು ತೋರಿಸಿದ್ದು ಒಂದು ಕಂಪ್ಯೂಟರನ್ನು. ಅವತ್ತು ವಿಚಿತ್ರ ಅನ್ನಿಸಿ ಚಿಹ್ನೆ ಹಾಕಿದ್ದರು. ಮತ್ತೆ ಆ ಕಡೆ ತಿರುಗಿ ನೋಡಿರಲಿಲ್ಲ.

ಜುವಾರಿ ಸೇತುವೆ ದಾಟುವಾಗ ಬುಶ್ರಾಳ ಫೋನ್ ಬಂತು. ದೀಪಕನ ವ್ಯಾನು ಬಂದು ಯಂತ್ರವನ್ನೂ ಮೂಲ ಡಿಸ್ಕನ್ನೂ ಒಯ್ದಿದೆ, ಭಾನುವಾರದವರೆಗೆ ಕಾಯಲಿಲ್ಲ. ಅವನದೇ ಆಸ್ತಿ, ತಡೆಯುವ ಹಾಗಿರಲಿಲ್ಲ. ರಸೀದಿ ಬರೆಸಿಕೊಂಡಿದ್ದೇನೆ ಎಂದಳು ಅವಳು. ನಕಲು ಮೂರು ಕಡೆ ಭದ್ರವಾಗಿದೆ. ಕುಂಕುಮದ ಪೊಟ್ಟಣವನ್ನು ಅವರು ಬೇಡವೆಂದು ಬಿಟ್ಟುಹೋದರು.

*

ಚಿಂಬಲ್‌ನ ಇಳಿಜಾರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುವೆ ಹಜರತಬಿಯದು ಮೇಲಿನಿಂದ ನಾಲ್ಕನೆಯದು. ಮಗಳು ಉಜ್ಮಾ ಪಣಜಿಯ ಕ್ಯಾಂಟೀನಿಗೆ ಕೆಲಸಕ್ಕೆ ಹೋಗಿದ್ದಳು. ಮಧ್ಯಾಹ್ನ ನಾಲ್ಕರ ಬಿಸಿಲು ತಗಡಿನ ಮೇಲೆ ಇನ್ನೂ ಇತ್ತು. ಹಜರತಬಿ ಹೊಸ್ತಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮೊರ ಅಲುಗಿದಾಗೊಮ್ಮೆ ಹನ್ನೆರಡು ಬಳೆಗಳ ಸದ್ದಾಗುತ್ತಿತ್ತು.

ಜಮುನಾಬಾಯಿ ನೀರು ಕುಡಿದು ಚೊಂಬನ್ನು ಕೆಳಗಿಟ್ಟರು. ಬಾಗಿಲ ಹಿಂದೆ, ಈ ಮನೆಯಲ್ಲೂ, ಒಂದು ಮೊಳೆ; ಮೊಳೆಯಲ್ಲಿ ಹಿತ್ತಾಳೆಯ ಬಿಲ್ಲೆ. ಮೂರು ಮನೆ ಬದಲಾದರೂ ಅದು ಬಾಗಿಲ ಹಿಂದಿನ ಜಾಗ ಬಿಟ್ಟಿರಲಿಲ್ಲ.

"ಆಪಾ," ಎಂದರು. "ಯಂತ್ರ ಓದಿಸಿದ್ವಿ. ಒಂದು ಹತ್ತಕ್ಕ ಈ ಬಿಲ್ಲಿ ಯಾರ ಕೈಗೆ ಕೊಟ್ರು ಅಂತ ಅದರಾಗ ಬರದೈತಿ."

ಹಜರತಬಿ ಮೊರವನ್ನು ಪಕ್ಕಕ್ಕಿಟ್ಟಳು. ಕಲ್ಲು ಬೇರೆ, ಅಕ್ಕಿ ಬೇರೆ ಆಗಿತ್ತು, ಅದನ್ನು ಕಲಸದಂತೆ ಇಟ್ಟಳು. ಆಮೇಲೆ ಎಡಗೈಯ ಮೊದಲ ಬಳೆಯನ್ನು ಹಿಡಿದು ಎಳೆದಳು. ಸೊರಗಿದ ಕೈ, ಬಳೆ ತಡೆಯಿಲ್ಲದೆ ಜಾರಿ ಬಂತು. ಅದನ್ನು ನೆಲದ ಮೇಲಿಟ್ಟಳು. ಎರಡನೆಯದನ್ನು ತೆಗೆದು ಅದರ ಪಕ್ಕದಲ್ಲಿಟ್ಟಳು.

ಜಮುನಾಬಾಯಿ ಇನ್ನೂ ಏನನ್ನೂ ಕೇಳಿರಲಿಲ್ಲ. ಮೈಬೂಬಸಾಬ ಸತ್ತನೆಂದೂ ಹೇಳಿರಲಿಲ್ಲ.

"ನಿಮಗ ಮೊದಲ ಗೊತ್ತಿತ್ತು," ಎಂದರು.

"ಬಾರ್ಜಿನ ಒಳಗ ಬಿದ್ದಿದ್ರು." ಮೂರು, ನಾಲ್ಕು. "ಮುಖಾ ತೋರಿಸಿದ್ರು. ಒಳಗಿನ ಖೋಲ್ಯಾಗ ತಾಡಪತ್ರಿ ಹಾಸಿ ಮಲಗಿಸಿದ್ರು. ತಲಿ ಇನ್ನೂ ಬೆಚ್ಚಗಿತ್ತು." ಐದು. "ಬುತ್ತಿ ನನ್ನ ಕೈಯಾಗ ಇತ್ತು."

"ಮತ್ತ ಈ ಬಳಿ?"

"ತಗದ್ರ ಮಂದಿ ಕೇಳ್ತಾರ, ಸತ್ತದ್ದು ನಿನಗ ಹೆಂಗ ಗೊತ್ತಾತು ಅಂತ. ತಗೀಬಾರದು ಅಂತ ಆಣಿ ಮಾಡಿಸಿದ್ರು. ಕುರಾನ್ ಮ್ಯಾಲೆ ಕೈ ಇಡಿಸಿ. ನಿನ್ನ ಬಾಯಿಂದ ಒಂದ್ ಮಾತು ಹೊರಗ ಬಂದ್ರ ಆರು ವರ್ಷದ ಉಜ್ಮಾನ ಮರೀಬೇಕು ಅಂದ್ರು." ಅವಳು ಬಲಗೈಗೆ ಬಂದಿದ್ದಳು. "ನನ್ನ ಬಾಯಿಂದ ಬಂದಿಲ್ಲರಿ. ಯಂತ್ರದ ಬಾಯಿಂದ ಬಂತು."

ಇಪ್ಪತ್ತೇಳು ವರ್ಷ ಓಣಿಯ ಜನ ಆ ಬಳೆಗಳನ್ನು ನೋಡಿ, ಎಂಥ ನಂಬಿಕೆ ಈಕೆಯದು ಎಂದಿದ್ದರು. ಜಮುನಾಬಾಯಿಯೂ ಹಾಗೆಯೇ ಅಂದುಕೊಂಡಿದ್ದರು. ಬಾಯ್ನಾದ ಮೀನು ಮಾರುವವರಿಗೆ ವರ್ಷವರ್ಷ ವಿಳಾಸ ಹೇಳಿ ಬಂದದ್ದು ಆಣೆ ಮಾಡಿಸಿದವರು ನೋಡಲೆಂದು ಎಂಬುದು ಈಗ ತಿಳಿಯಿತು.

"ಹಂಗಿದ್ರ ನನ್ನನ್ನ ಯಾಕ ಹುಡುಕಾಕ ಹಚ್ಚಿದ್ರಿ, ಆಪಾ?"

"ಎಲ್ಲಿ ಮಣ್ಣು ಮಾಡಿದ್ರು ಅಂತ ನನಗ ಹೇಳಲಿಲ್ಲ." ಹತ್ತು. "ಗೋರಿ ಬೇಕರಿ ನನಗ. ಮಗಳನ್ನ ಕರಕೊಂಡು ಹೋಗಿ, ನಿಮ್ಮಪ್ಪ ನಿನ್ನ ಬಿಟ್ಟು ಓಡಿಹೋಗಿಲ್ಲವಾ ಅಂತ ತೋರಿಸಬೇಕು."

ಜಮುನಾಬಾಯಿ ನೋಟ್‌ಬುಕ್ ತೆರೆಯಲಿಲ್ಲ. ಆಣೆ ಮಾಡಿಸಿದ ಸಂಗಣ್ಣ ಸತ್ತಿದ್ದಾರೆ, ಜಾಗ ಗೊತ್ತಿದ್ದವರು ಈಗ ಯಾರು ಉಳಿದಿದ್ದಾರೆ ಎಂದು ನಿಧಾನವಾಗಿ ಕೇಳಿದರು.

ಹಜರತಬಿ ತಲೆ ಅಲ್ಲಾಡಿಸಿದಳು.

"ಸಂಗಣ್ಣಾರು ಗ್ವಾಡಿಗೆ ಮುಖಾ ಮಾಡಿ ನಿಂತಿದ್ರು. ಅಳಾಕತ್ತಿದ್ರು. ಆಣಿ ಮಾಡಿಸಿದವರು ಅವರಲ್ಲರಿ."

"ಮತ್ತ್ಯಾರು?"

ಇಳಿಜಾರಿನ ಕೆಳಗೆ ಒಂದು ವ್ಯಾನು ನಿಂತ ಸದ್ದಾಯಿತು. ಹಜರತಬಿ ಅತ್ತ ನೋಡಿದಳು. ವ್ಯಾನಿನ ಬದಿಯಲ್ಲಿ ಮೆಟಗುಡ್ಡರ ಸಂಸ್ಥೆಯ ಹೆಸರಿತ್ತು. ಅವಳೆದುರು ನೆಲದ ಮೇಲೆ ಹನ್ನೊಂದು ಬಳೆಗಳಿದ್ದವು. ಹನ್ನೆರಡನೆಯದನ್ನು ತೆಗೆಯಲು ಹೋದ ಬೆರಳು ಅಲ್ಲೇ ನಿಂತಿತು. ಅವಳು ಸೆರಗನ್ನು ಎಳೆದು ಎರಡೂ ಕೈಗಳನ್ನು ಮುಚ್ಚಿಕೊಂಡಳು.

"ಇದೊಂದು ಇರಲಿ," ಎಂದಳು. "ಇದು ಗೋರಿ ನೋಡಿದ ಮ್ಯಾಲೆ."